ರೈನ್‌ಕೋಟು ಬಿಡಿಸಿದ ಕಥೆ

‘ನನಗೆ ಎಂಟು ವರ್ಷವಿದ್ದಾಗ ನನ್ನ ಪ್ಲಾಸ್ಟಿಕ್ ರೈನ್‌ಕೋಟನ್ನು ನಾನಾಗಿಯೇ ಅಪ್ಪನ ಕೈಗೆ ಕೊಟ್ಟೆ. ಸಮುದ್ರ ಕೆಡುತ್ತಿದೆ ಎಂದು ಅವರು ತಿಳಿಸಿ ಹೇಳಿದ್ದರು. ಆ ಮಳೆಗಾಲವೆಲ್ಲ ಊರಿನ ಕಂಬಳಿ ಹೊದ್ದು ಖುಷಿಯಿಂದ ಶಾಲೆಗೆ ಹೋದೆ. ಮಕ್ಕಳಿಗೆ ಅರ್ಥವಾಗುವಂತೆ ಹೇಳಿದರೆ ಸಾಕು, ಬಲವಂತ ಬೇಕಾಗುವುದಿಲ್ಲ.’

ಕಳೆದ ಮೇ ತಿಂಗಳಲ್ಲಿ ಮುಂಬಯಿಯ ಸಯನ್‌ನ ತನ್ನ ಬಿಲ್ಡಿಂಗಿನ ತಾಯಂದಿರ ಸಭೆಯಲ್ಲಿ ನನ್ನ ಮಗಳು ಹೀಗೆ ಹೇಳಿದಳು. ಹೇಳಿದ್ದು ಹಿಂದಿಯಲ್ಲಿ, ಮನೆಗೆ ಬಂದು ಕನ್ನಡದಲ್ಲಿ ಬರೆದಿಟ್ಟುಕೊಂಡವನು ನಾನು. ಎಲ್ಲರೂ ಚಪ್ಪಾಳೆ ತಟ್ಟಿ, ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ನನ್ನ ಕಡೆಗೆ ತಿರುಗಿ ನೋಡಿದರು. ನಾನು ಕೈ ಮುಗಿದೆ. ಮುಗಿಯಬಾರದಿತ್ತು. ಏಕೆಂದರೆ ಮರುಕ್ಷಣವೇ ಅವಳು, ಈ ಜೂನ್‌ನಲ್ಲಿ ತನ್ನ ಮಗಳೂ ಕಂಬಳಿ ಹೊದ್ದೇ ಶಾಲೆಗೆ ಹೋಗುತ್ತಾಳೆ ಎಂದು ಸಾರಿದಳು. ನನ್ನ ಮೊಮ್ಮಗಳಿಗೆ ಆರು ವರ್ಷ. ಅವಳ ಎದೆಯೂ ತಾಯಿಯ ಎದೆಯಂತೆಯೇ ಬೇಗ ಕಟ್ಟಿಕೊಳ್ಳುತ್ತದೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕುರ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತ, ರದ್ದಿ ಅಂಗಡಿಯ ಪುಸ್ತಕಗಳಿಂದ ಓದು ಕಲಿತವನು. ಹೀಗೆ ಕಲಿತವನಿಗೆ ಎರಡು ರೋಗ ಅಂಟುತ್ತವೆ. ಇನ್ನೊಬ್ಬರು ಹೇಳಿದ್ದನ್ನು ಅವನು ನಂಬುವುದಿಲ್ಲ. ತಾನೇ ಓದಿದ್ದನ್ನು ಮಾತ್ರ ಅತಿಯಾಗಿ ನಂಬುತ್ತಾನೆ. ಮಗಳಿಗೆ ಏಳು ವರ್ಷವಿದ್ದಾಗ ಮುಂಬಯಿಗೆ ಬಂದ ದೊಡ್ಡ ನೆರೆಯಲ್ಲಿ ನಮ್ಮ ಚಾಳಿನ ಖೋಲಿಗೆ ಎದೆಮಟ್ಟ ನೀರು ನುಗ್ಗಿ, ಇಳಿದ ಮೇಲೆ ಗೋಡೆಯ ಮೊಳೆಮೊಳೆಗೂ ಪ್ಲಾಸ್ಟಿಕ್ ಚೀಲಗಳು ನೇತಾಡುತ್ತಿದ್ದವು. ಅದನ್ನು ಕಂಡ ಮೇಲೆ ರದ್ದಿಯಲ್ಲಿ ಸಿಕ್ಕಿದ ಒಂದು ಮಾಸಪತ್ರಿಕೆಯಲ್ಲಿನ, ಪ್ಲಾಸ್ಟಿಕ್ ಸಮುದ್ರವನ್ನು ಕೆಡಿಸುವ ಬಗೆಗಿನ ಲೇಖನ ನನ್ನ ತಲೆಗೆ ಹತ್ತಿತು. ಮನೆಯ ಪ್ಲಾಸ್ಟಿಕ್ ಬಕೆಟ್ಟು, ಬುಟ್ಟಿ, ಡಬ್ಬಿ ಎಲ್ಲವನ್ನೂ ಒಂದೊಂದಾಗಿ ಹೊರಗೆ ಹಾಕಿದೆ. ಹೆಂಡತಿ ಹಿತ್ತಾಳೆಯ ಭಾರದ ಕೊಡವನ್ನು ಹೊತ್ತು ನಳದ ಸಾಲಿನಲ್ಲಿ ನಿಂತಳು. ನೀರು ತರುವವನು ನಾನಾಗಿರಲಿಲ್ಲವಾದ್ದರಿಂದ ಆ ತತ್ವ ನನಗೆ ಹಗುರವಾಗಿತ್ತು.

ಮರುವರ್ಷದ ಜೂನ್‌ನಲ್ಲಿ ಹೆಂಡತಿಯ ತಮ್ಮ ನನ್ನ ಮಗಳಿಗೊಂದು ರೈನ್‌ಕೋಟು ತಂದುಕೊಟ್ಟ. ಗುಲಾಬಿ ಬಣ್ಣದ್ದು, ಬೆನ್ನ ಮೇಲೆ ದಫ್ತರದ ಚೀಲ ಹಿಡಿಸಲು ಗೂನಿನಂತೆ ಉಬ್ಬು ಬಿಟ್ಟಿದ್ದರು. ಹುಡುಗಿ ಮಳೆ ಬರುವ ಮೊದಲೇ ಅದನ್ನು ತೊಟ್ಟು ಚಾಳಿನ ಉದ್ದಕ್ಕೂ ಓಡಾಡಿದಳು. ಐದು ದಿನ ತೊಟ್ಟಿದ್ದಳು. ಆರನೆಯ ದಿನ ಅವಳು ಮಲಗಿದ್ದಾಗ ನಾನು ಅದನ್ನು ಗೂಟದಿಂದ ತೆಗೆದುಕೊಂಡು ಹಳೆ ಸಾಮಾನು ಕೊಳ್ಳುವ ಭಂಗಾರದವನ ಬಳಿಗೆ ಒಯ್ದೆ. ಅವಳು ನನ್ನ ಕೈಗೆ ಕೊಡಲಿಲ್ಲ. ಸಮುದ್ರದ ಬಗ್ಗೆ ನಾನು ಅವಳಿಗೆ ಒಂದಕ್ಷರವನ್ನೂ ಹೇಳಿರಲಿಲ್ಲ.

ಭಂಗಾರದವನು ಕಲಬುರಗಿ ಕಡೆಯ ಮುಸ್ಲಿಮ. ರೈನ್‌ಕೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕ.

‘ಸಾಹೇಬ್ರ, ಬಕೀಟ ಕೊಡ್ರಿ, ಮುರದ ಕುರ್ಚಿ ಕೊಡ್ರಿ, ತಗೋತೀನಿ. ಇದು ಹಲ್ಕಾ ಮಾಲ್, ಕರಗಸಾಕ ಯಾರೂ ತಗೊಳಂಗಿಲ್ಲ. ಮ್ಯಾಲಾಗಿ ಹೊಸಾದೈತಿ. ಕೂಸಿಗೆ ಇರ್ಲಿ ಬಿಡ್ರಿ.’

ಓದು ಬಾರದ ಅವನಿಗೆ ಗೊತ್ತಿದ್ದದ್ದು ನನ್ನ ಲೇಖನದಲ್ಲಿ ಇರಲಿಲ್ಲ. ಮನೆಗೆ ವಾಪಸು ಒಯ್ದು ಅದೇ ಗೂಟಕ್ಕೆ ಹಾಕಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊರಟವನು ಸೋತು ಹಿಂದಿರುಗುವುದು ಹೇಗೆ? ನಾಲೆಯ ಪಕ್ಕದ ಕಸದ ರಾಶಿಯ ಮೇಲೆ ಎಸೆದು ಬಂದೆ. ಆ ವಾರದ ಮಳೆಗೆ ರಾಶಿಯೇ ಕೊಚ್ಚಿಹೋಯಿತು. ಕೆಲಸಕ್ಕೆ ಹೋಗುವಾಗ ನೋಡಿದರೆ, ಸಣ್ಣ ಸೇತುವೆಯ ಕಂಬಕ್ಕೆ ಸಿಕ್ಕಿ ಆ ಗುಲಾಬಿ ಗೂನು ನೀರಿನಲ್ಲಿ ಉಬ್ಬಿ ನಿಂತಿತ್ತು. ಸಂಜೆ ಇರಲಿಲ್ಲ. ಆ ನಾಲೆ ಮಿಠಿ ನದಿಗೆ ಸೇರುತ್ತದೆ, ಮಿಠಿ ಸಮುದ್ರಕ್ಕೆ. ಮೂರು ಮಳೆಗಾಲ ಬಾಳಬೇಕಾಗಿದ್ದ ವಸ್ತುವನ್ನು ಒಂದೇ ವಾರದಲ್ಲಿ ಸಮುದ್ರಕ್ಕೆ ಮುಟ್ಟಿಸಿದವನು ನಾನೇ.

ಅದರ ಬದಲಿಗೆ ಮಗಳಿಗೆ ಕೊಟ್ಟದ್ದು ಕರಿ ಕಂಬಳಿ. ನಮ್ಮ ಕಡೆ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ, ತಲೆಯಿಂದ ಮೊಣಕಾಲಿನವರೆಗೆ ಇಳಿಯುವಂತೆ ಕೊಪ್ಪೆ ಮಾಡಿ ಹೊದೆಯುತ್ತಾರೆ. ನಾನು ಹೊದ್ದೇ ಬೆಳೆದವನು. ಆದರೆ ನಮ್ಮೂರಿನ ಮಳೆ ಹನಿಯುವ ಮಳೆ; ಮನೆಗೆ ಬಂದು ಒಲೆಯ ಮುಂದೆ ಹರವಿದರೆ ಮುಂಜಾನೆಗೆ ಕಂಬಳಿ ಗರಿಗರಿಯಾಗುತ್ತಿತ್ತು. ಮುಂಬಯಿಯ ಮಳೆ ಅಂಥದ್ದಲ್ಲ, ಹತ್ತಕ್ಕೆ ಹತ್ತಡಿಯ ಖೋಲಿಯಲ್ಲಿ ಹರವಲು ಒಲೆಯೂ ಇರಲಿಲ್ಲ. ನೀರು ಕುಡಿದ ಆ ಉಣ್ಣೆ ಹುಡುಗಿಗಿಂತ ಭಾರವಾಗಿ, ನಿನ್ನೆಯ ಒದ್ದೆ ಆರುವ ಮೊದಲೇ ಇಂದಿನ ಒದ್ದೆಗೆ ಸಿದ್ಧವಾಗಿರುತ್ತಿತ್ತು. ಕುರ್ಲಾದಿಂದ ಒಂದೇ ಸ್ಟೇಷನ್ ದೂರದ ಕನ್ನಡ ಶಾಲೆಗೆ ಅವಳು ತಾಯಿಯೊಡನೆ ಲೋಕಲ್‌ನಲ್ಲಿ ಹೋಗುತ್ತಿದ್ದಳು. ರೈಲಿನ ಡಬ್ಬಿಯ ಹೆಂಗಸರು ಮೂಗು ಮುಚ್ಚಿಕೊಂಡು ಜಾಗ ಬಿಡುತ್ತಿದ್ದರಂತೆ. ತರಗತಿಯಲ್ಲಿ ‘ಕುರಿ ಬಂತು, ಕುರಿ ಬಂತು’ ಎಂದು ಬೆಂಚು ಬಡಿಯುತ್ತಿದ್ದರಂತೆ. ಇವೆಲ್ಲ ‘ಅಂತೆ’ಗಳು. ನಾನು ಕೇಳಿದವನೂ ಅಲ್ಲ, ನೋಡಿದವನೂ ಅಲ್ಲ. ಹೆಂಡತಿ ಹೇಳಿದಾಗ ‘ರೂಢಿ ಆಗ್ತದ’ ಎಂದವನು.

ಸಭೆಯಿಂದ ಹಿಂದಿರುಗಿದ ಸಂಜೆ ನಾನು ಹೆಂಡತಿಗೆ, ‘ನಿನಗ ಖರೇ ಗೊತ್ತದ. ಆಕಿಗೆ ನೀನಾರ ಹೇಳು,’ ಎಂದೆ.

‘ಯಾಕ ಹಳೇದು ಕೆದಕ್ತೀರಿ? ಜನ್ಮದಾಗ ಒಮ್ಮೆ ನಿಮ್ಮನ್ನ ಯಾರೋ ಹೊಗಳ್ಯಾರ. ಹೊಗಳಿಸ್ಕೊಂಡು ಸುಮ್ಮ ಕುಂದ್ರಿ.’

‘ಮತ್ತ ಕೂಸಿನ ಗತಿ?’

‘ಅದನ್ನ ಆವಾಗ ಕೇಳಬೇಕಾಗಿತ್ತು,’ ಎಂದು ಅವಳು ಅಕ್ಕಿ ಆರಿಸಲು ಕುಳಿತಳು.

ರೈನ್‌ಕೋಟು ಅವಳು ಕೊಟ್ಟದ್ದಲ್ಲ, ನಾನೇ ಒಯ್ದದ್ದು ಎಂದು ಮಗಳಿಗೆ ಫೋನಿನಲ್ಲಿ ಹೇಳಿದೆ. ‘ಪಪ್ಪಾ, ನಿಮಗ ಪೇಪರಿನ ಮ್ಯಾಲ ಡೌಟ್, ಟಿವಿ ಮ್ಯಾಲ ಡೌಟ್. ಈಗ ನನ್ನ ನೆನಪಿನ ಮ್ಯಾಲೂ ಡೌಟಾ?’ ಎಂದು ನಕ್ಕಳು. ನೆನಪಿಗೆ ಉತ್ತರ ಕಾಗದವೇ ಎಂಬುದು ನನ್ನ ಹಳೆಯ ನಂಬಿಕೆ. ಎರಡು ದಿನ ಟ್ರಂಕು ಹುಡುಕಿ ಅವಳ ಆ ವರ್ಷದ ಶಾಲೆಯ ಕ್ಯಾಲೆಂಡರು, ಎಂದರೆ ಗುರುಗಳೂ ಪಾಲಕರೂ ಒಬ್ಬರಿಗೊಬ್ಬರು ಬರೆಯುವ ಪುಸ್ತಕ, ತೆಗೆದೆ. ಒಳಗೆ ತೆರೆದು ನೋಡುವಷ್ಟೂ ತಾಳ್ಮೆ ಇಲ್ಲದೆ ಅವಳ ಮನೆಗೆ ಒಯ್ದೆ.

ಹೊಸ ಕಂಬಳಿ ಬಂದಿತ್ತು. ಮೊಮ್ಮಗಳು ಅದರೊಳಗಿಂದ ಮುಖ ಹೊರಹಾಕಿ, ‘ಅಜ್ಜಾ, ಇದು ಬಕರೀ ಹೈ ಕ್ಯಾ?’ ಎಂದು ಕೇಳಿದಳು. ಮಗಳು ಕ್ಯಾಲೆಂಡರು ತಿರುವಿ, ಜುಲೈಯ ಪುಟದಲ್ಲಿ ನಿಂತು, ಗಟ್ಟಿಯಾಗಿ ಓದಿದಳು. ಮೇಲೆ ಗುರುಮಾತೆಯ ಕೈಬರಹ: ‘ಮಗು ದಿನವೂ ನೆನೆದು ಬರುತ್ತಿದೆ. ದಯವಿಟ್ಟು ರೈನ್‌ಕೋಟು ಕೊಡಿಸಿರಿ.’ ಕೆಳಗೆ ನನ್ನದು: ‘ನನ್ನ ಮಗಳು ಸ್ವಇಚ್ಛೆಯಿಂದ ಪ್ಲಾಸ್ಟಿಕ್ ತ್ಯಜಿಸಿದ್ದಾಳೆ. ಇತರ ಮಕ್ಕಳಿಗೂ ತಾವು ಇದನ್ನು ತಿಳಿಸಬೇಕು.’ ಅದನ್ನು ಮರುದಿನ ತರಗತಿಯ ಮುಂದೆ ಓದಿಸಿದ್ದರು ಎಂದು ಮಗಳೇ ಹೇಳಿದಳು. ಅಂದಿನಿಂದ ಬೆಂಚು ಬಡಿಯುವುದು ನಿಂತಿತಂತೆ. ತನ್ನನ್ನು ಕಾಪಾಡಿದ ಆ ಸಾಲನ್ನು ಎಂಟು ವರ್ಷದ ಹುಡುಗಿ ಬಿಟ್ಟುಕೊಡುವುದಾದರೂ ಹೇಗೆ?

‘ನೋಡ್ರಿ, ನಿಮ್ಮ ಅಕ್ಷರ, ನಿಮ್ಮ ಸಹಿ. ಇನ್ನೇನ್ ಪ್ರೂಫ್ ಬೇಕು?’

‘ಅದು ಸುಳ್ಳವ್ವಾ. ನಾ ಬರದ ಸುಳ್ಳು.’

‘ಹಂಗಾರ ಈಗ ಹೇಳೂದು ಖರೇ ಅಂತ ಹೆಂಗ ನಂಬ್ಲಿ?’

ಜಗತ್ತಿನ ಸುಳ್ಳುಗಳನ್ನೆಲ್ಲ ಕಾಗದ ಹಿಡಿದು ಪ್ರಶ್ನಿಸುತ್ತ ಬಂದವನಿಗೆ ಈಗ ಕಾಗದವೇ ಎದುರು ನಿಂತಿತು. ಪುಸ್ತಕವನ್ನು ಕಸಿದುಕೊಂಡು ಕೊನೆಯಿಂದ ಹುಡುಕಿದೆ. ಗೈರುಹಾಜರಿಯ ಪುಟದಲ್ಲಿ ಜುಲೈಯ ಹನ್ನೊಂದು ದಿನ, ಕಾರಣದ ಕಾಲಮ್ಮಿನಲ್ಲಿ ಮತ್ತೆ ನನ್ನದೇ ಅಕ್ಷರ: ‘ಊರಿಗೆ ಹೋಗಿದ್ದಳು.’ ಅದೇ ಪುಟಕ್ಕೆ ಹೆಂಡತಿ ಟಾಚಣಿ ಪಿನ್ನು ಚುಚ್ಚಿಟ್ಟಿದ್ದ ಒಂದು ಹಳದಿ ಚೀಟಿ. ನಾನು ಅದನ್ನು ಅದುವರೆಗೆ ಕಂಡಿರಲಿಲ್ಲ.

ಮಗಳು ಚೀಟಿಯನ್ನು ಎರಡು ಸಲ ಓದಿದಳು. ಮೊಮ್ಮಗಳ ತಲೆಯ ಮೇಲಿನಿಂದ ಕಂಬಳಿಯನ್ನು ನಿಧಾನವಾಗಿ ತೆಗೆದು ಮಡಚಿದಳು. ‘ಮ್ಯಾಲಿನ ಮನಿ ಹುಡುಗಿದು ಹಳೇ ರೈನ್‌ಕೋಟ್ ಅದ. ಅದನ್ನ ಇಸ್ಕೋತೀನಿ. ಸಾಕಾ?’ ಎಂದಳು. ಸಾಕು ಎಂದೆ. ಚಹಾ ಬೇಕೇ ಎಂದು ಅವಳು ಕೇಳಲಿಲ್ಲ, ನಾನೂ ನಿಲ್ಲಲಿಲ್ಲ. ಜೂನ್ ಕಳೆಯಿತು. ಮೊಮ್ಮಗಳು ಮೈ ನೆನೆಯದೆ ಶಾಲೆಗೆ ಹೋಗುತ್ತಿದ್ದಾಳೆ. ಮಗಳು ಈಗ ತಾಯಿಗೆ ಮಾತ್ರ ಫೋನು ಮಾಡುತ್ತಾಳೆ.

ಕ್ಯಾಲೆಂಡರು ನಮ್ಮ ಕಪಾಟಿನಲ್ಲಿದೆ. ಬೇಕಾದವರು ಬಂದು ನೋಡಬಹುದು. ಮಗಳು ‘ಊರಿಗೆ ಹೋಗಿದ್ದಳು’ ಎಂದು ನಾನು ಸಹಿ ಮಾಡಿದ ಹನ್ನೊಂದು ದಿನಗಳ ಪೈಕಿ ನಾಲ್ಕನೆಯ ದಿನದ ತಾರೀಖೇ ಚೀಟಿಯ ಮೇಲಿನದೂ. ಕುರ್ಲಾದ ದವಾಖಾನೆಯ ಮೊಹರು. ಹೆಣ್ಣು ಮಗು, ಎಂಟು ವರ್ಷ. ಜ್ವರ ನೂರಾ ಮೂರು. ಎದೆಯ ಎರಡೂ ಬದಿಗೆ ಕಫ. ಕೊನೆಯ ಸಾಲಿನಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಾರೆ: ಮಗುವನ್ನು ಒಣಗಿದ ಬಟ್ಟೆಯಲ್ಲಿ ಇಡಿ.