ಮಣ್ಣಿಗೆ ಸೇರಿದ ಮೇಣದ ಬಿಲ್ಲೆ

ಆವತಿ ಊರಿನಲ್ಲಿ ನಾನು ಪಾಠ ಹೇಳುವ ಶಾಲೆಗೆ ಶಶಿರೇಖಾ ಬಿಸಿಯೂಟದ ಅಡುಗೆಗೆಂದು ಬಂದ ಮೊದಲ ದಿನವೇ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಮಕ್ಕಳು ಮುಖ ಕಿವುಚಿದಾಗ, "ಇವತ್ತು ಉಪ್ಪು ರಜಾ ಹಾಕೈತೆ ಕಣ್ರೋ, ನಾಳೆ ಬತ್ತೈತೆ" ಎಂದು ತಾನೂ ನಕ್ಕು ಎಲ್ಲರನ್ನೂ ನಗಿಸಿದಳು. ನಮ್ಮೂರ ಹತ್ತಿರ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಶುರುವಾಗಿ ಆಗ ಎರಡು ವರ್ಷ.

ನಾಲ್ಕು ವರ್ಷಗಳ ನಂತರ ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ತೆಗೆದರು. ಮನೆಗೆ ಕಳುಹಿಸುವಾಗ ಕ್ಯಾನ್ಸರೆಂಬ ವರದಿಯ ಜೊತೆಗೆ ಒಂದು ಪುಟ್ಟ ಡಬ್ಬಿಯನ್ನೂ ಕೊಟ್ಟರು. ಒಳಗೆ ಬಿಳಿಯ ಮೇಣದ ಬಿಲ್ಲೆ. ಮೇಣದ ನಡುವೆ ಆ ಗಂಟಿನದೇ ಚೂರು. "ಜೋಪಾನ" ಎಂದರೇ ಹೊರತು ಏಕೆಂದು ಯಾರೂ ಹೇಳಲಿಲ್ಲ.

ಅತ್ತೆ ಅಮ್ಮಯಮ್ಮ ಡಬ್ಬಿಯನ್ನು ಹೊಸಿಲು ದಾಟಲು ಬಿಡಲಿಲ್ಲ. "ಮೈಯಿಂದ ಕುಯ್ದಿದ್ದು ಮಣ್ಣಿಗೆ ಸೇರ್ಬೇಕು ಕಣ್ಲಾ ಮಂಜ. ಮನೇಲಿ ಮಡಗಿದ್ರೆ ತಿರ್ಗಾ ಮೈಗೆ ಬತ್ತೈತೆ." ಶಶಿರೇಖಾಳ ಗಂಡ ಮಂಜೇಶ್ ಹೊಲದ ಬದುವಿನಲ್ಲಿ ಅದನ್ನು ಹೂತು, ಅರಿಸಿನ ಕುಂಕುಮವಿಟ್ಟು, ಹಾಲು ಬಿಟ್ಟು ಬಂದ. ಆ ಹೊಲವನ್ನು ಲೇಔಟಿನವರಿಗೆ ಬರೆದುಕೊಟ್ಟು ಆರು ತಿಂಗಳಾಗಿತ್ತು. ಇನ್ನೂ ಬೇಲಿ ಬಿದ್ದಿರದ ಕಾರಣ ಇವರ ಮನಸ್ಸಿನಲ್ಲಿ ಅದು ತಮ್ಮ ಹೊಲವೇ.

ಮೂರು ವಾರದ ಬಳಿಕ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಆ ಬಿಲ್ಲೆಯನ್ನೇ ಕೇಳಿದರು. "ಆ ಚೂರಿನ ಜೀನ್‌ಗಳನ್ನ ಪರೀಕ್ಷೆ ಮಾಡಿದ್ರೆ ಕಾಯಿಲೆ ಮತ್ತೆ ಬರೋ ಸಂಭವ ಎಷ್ಟು ಅಂತ ಅಂದಾಜು ಸಿಗುತ್ತಮ್ಮ. ಕಡಿಮೆ ಇದ್ರೆ ಕೀಮೋ ಬೇಡ, ಮಾತ್ರೆ ಸಾಕು. ಸಂಶೋಧನೆಗೆ ಸೇರಿಸ್ತೀವಿ, ನಿಮಗೆ ಖರ್ಚಿಲ್ಲ."

ಶಶಿರೇಖಾ ಗಂಡನ ಮುಖ ನೋಡಿದಳು. ಮಂಜೇಶ್ ಆಗಲೇ ಎದ್ದು ಬಾಗಿಲ ಕಡೆ ಹೊರಟಿದ್ದ.

ಅಂದೇ ಹೊಲಕ್ಕೆ ಓಡಿದರು. ಜೆಸಿಬಿ ಬದುಗಳನ್ನೆಲ್ಲ ಸವರಿ ನೆಲವನ್ನು ಅಂಗೈಯಂತೆ ಮಟ್ಟ ಮಾಡಿತ್ತು. ಮಂಜೇಶ್ ಎರಡು ದಿನ ಅಗೆದ. "ಏನಣ್ಣಾ, ನಿಧಿ ಗಿಧಿ ಮಡಗಿದ್ರಾ?" ಎಂದು ಜೆಸಿಬಿಯವನು ಛೇಡಿಸಿದ. "ಹೂಂ ಕಣಪ್ಪಾ, ನಮ್ಮ ಹೆಂಡ್ರ ಹಣೆಬರ ಮಡಗಿದ್ದೆ" ಎಂದ ಮಂಜೇಶ್. ಡಬ್ಬಿ ಸಿಗಲಿಲ್ಲ. ನರ್ಸಿಂಗ್ ಹೋಮಿನಲ್ಲೂ ಬೇರೆ ಚೂರು ಉಳಿದಿರಲಿಲ್ಲ.

ಏನೂ ತಿಳಿಯದಿರುವಾಗ ಅಪಾಯ ಬೇಡವೆಂದು ಡಾಕ್ಟರಮ್ಮ ಕೀಮೋ ಕೊಟ್ಟರು. ಕೂದಲು ಉದುರಿತು, ಬೆರಳ ತುದಿಗಳು ಜೋಮು ಹಿಡಿದವು. "ನಾನೇ ಕಣೇ ನಿನ್ನ ಈ ಗತಿಗೆ ತಂದೋಳು" ಎಂದು ಅಮ್ಮಯಮ್ಮ ಗೋಳಾಡಿದರೆ, "ಸುಮ್ಕಿರಿ ಅತ್ತೆ, ಕೀಮೋ ಬೇಕೇ ಆಗಿತ್ತೋ ಏನೋ, ಯಾರಿಗ್ಗೊತ್ತು?" ಎನ್ನುತ್ತಿದ್ದಳು ಶಶಿರೇಖಾ. ಆ ಪ್ರಶ್ನೆ ಮಾತ್ರ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಈಗಲೂ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾಳೆ. ಅದರ ಹಿಂದಿನ ವಾರ ಊಟ ಸೇರುವುದಿಲ್ಲ. ಸುತ್ತಲ ಊರುಗಳಲ್ಲಿ ಯಾವ ಹೆಂಗಸು ಗಂಟಿನ ಆಪರೇಷನ್ ಮಾಡಿಸಿಕೊಂಡು ಬಂದರೂ ಬಸ್ಸು ಹಿಡಿದು ಹೋಗಿ, ಡಬ್ಬಿ ಎಲ್ಲಿಟ್ಟಿದ್ದೀರಿ ಎಂದು ಮೊದಲು ಕೇಳುತ್ತಾಳೆ. ಮನೆಯವರು ಒಳಗಿಡಲು ಅಂಜಿದರೆ, ಹೆಸರು ಬರೆದು ತನ್ನ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಾಳೆ. ಸದ್ಯಕ್ಕೆ ಅಲ್ಲಿ ಮೂರು ಡಬ್ಬಿಗಳಿವೆ.