ಪೂಜೆಗೆಂದು ಎಬ್ಬಿಸಿದ ಸರ್ವರ್

ಮೊನ್ನೆ ಲಾಭ್ ಪಾಂಚಮ್. ದೀಪಾವಳಿ ರಜೆ ಮುಗಿಸಿ ಗುಜರಾತಿನವರು ಮತ್ತೆ ಕೆಲಸ ಶುರು ಮಾಡುವ ದಿನ. ಬೋಡಕ್‌ದೇವ್ ಬಡಾವಣೆಯ ನಮ್ಮ ಆಫೀಸಿನ ಬಾಗಿಲು ತೆರೆದಾಗ ಚೆಂಡುಹೂವು, ಊದಿನಕಡ್ಡಿ, ಬಿಸಿಯಾದ ಕಂಪ್ಯೂಟರು, ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು. ಯಾರೋ ಸರ್ವರಿಗೆ ಕುಂಕುಮವಿಟ್ಟು ಹಾರ ಹಾಕಿದ್ದರು. ಉಳಿದವರು ಪೇಢೆ ಹಂಚುತ್ತಿದ್ದರೆ ನಾನು ಮನಸ್ಸಿನಲ್ಲೇ ಹಳೆಯ ದಿನಗಳ ಸೂರತ್‌ಗೆ ಹೋಗಿಬಿಟ್ಟಿದ್ದೆ... ಅಕ್ಕನ ಹತ್ತಿರ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ ಧಾರವಾಡದವರು. ನನಗೆ ಅದು ಮೊದಲ ಕೆಲಸ. ಅಪ್ಪನ ವರ್ಗಾವಣೆಗಳಲ್ಲಿ ಗುಜರಾತಿನಲ್ಲೇ ಬೆಳೆದ ನನ್ನ ಕುಂಟು ಕನ್ನಡವನ್ನು ಅಕ್ಕ ನಗುತ್ತ ನಗುತ್ತಲೇ ರಿಪೇರಿ ಮಾಡುತ್ತಿದ್ದರು. ಯಾವ ಬಟ್ಟೆಗೆ ಯಾವ ಬಣ್ಣ ಎಷ್ಟು ಎಂಬುದನ್ನೆಲ್ಲ ಕಂಪ್ಯೂಟರಿಗೆ ತಂದವರೂ ಅವರೇ. ಮಾಲೀಕ ಸೇಠರಿಗೆ ಅದು ಹಿಡಿಸಿರಲಿಲ್ಲ. ಲಾಭ್ ಪಾಂಚಮ್ ಮುಹೂರ್ತದ ದಿನ ಕೈಕೊಟ್ಟರೆ ನೀವೂ ಬೇಡ, ನಿಮ್ಮ ಕಂಪ್ಯೂಟರೂ ಬೇಡ ಎಂದು ರಜೆಗೆ ಮೊದಲೇ ಹೇಳಿದ್ದರು. ಅಕ್ಕನ ಮನೆ ನಡೆಯುತ್ತಿದ್ದದ್ದು ಆ ಒಂದು ಸಂಬಳದಲ್ಲಿ.

ಕೈಕೊಟ್ಟೇಬಿಟ್ಟಿತು! ವರ್ಷದ ಮೊದಲ ಬಟ್ಟೆ ಯಂತ್ರಕ್ಕೆ ಇಳಿದಾಗಿತ್ತು, ನೀರು ಕಾಯುತ್ತಿತ್ತು. ಬಣ್ಣದ ಅಳತೆ ನೋಡಲು ಪ್ರೋಗ್ರಾಂ ತೆರೆದರೆ ಅದು ಡೇಟಾಬೇಸ್ ಸರ್ವರ್ ಹುಡುಕಲು ಹೊರಟು ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಪಕ್ಕದ ಕಂಪ್ಯೂಟರಿನಲ್ಲೂ ಅದೇ ಕಥೆ. ಸರ್ವರ್ ಮಾತ್ರ ನೆಟ್ಟಗೇ ಇತ್ತು. ನೀರು ಇನ್ನೂ ಕಾದರೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ, ಇಡೀ ಲಾಟು ಹಾಳು ಎಂದು ಡೈಯಿಂಗ್ ಮಾಸ್ತರ ಬಾಗಿಲಲ್ಲಿ ನಿಂತು ಕೂಗಾಡಿದ. ಅವನ ಹಿಂದೆ ಸೇಠರು, ಕೈಕಟ್ಟಿಕೊಂಡು.

"ಹೆದರಬ್ಯಾಡ. ಪ್ರೋಗ್ರಾಂ ಯಾರೂ ಮುಟ್ಟಿಲ್ಲ. ಅಂದ್ರ ಹೊಸದಾಗಿ ಯಾವುದೋ ಮಷೀನು ಉತ್ತರ ಕೊಡಾಕತ್ತೈತಿ," ಎಂದರು ಅಕ್ಕ.

ನಮ್ಮ ಪ್ರೋಗ್ರಾಂ ತೆರೆದ ಕೂಡಲೇ 'ಸರ್ವರ್ ಯಾರು?' ಎಂದು ಮಿಲ್ಲಿನ ಎಲ್ಲ ಕಂಪ್ಯೂಟರುಗಳಿಗೂ ಕೂಗು ಹಾಕುತ್ತಿತ್ತು. ಓಗೊಟ್ಟವರಲ್ಲಿ ಯಾರದಾದರೂ ಉತ್ತರ ಅರ್ಥವಾಗದಿದ್ದರೆ ಅಲ್ಲೇ ಬಿದ್ದು ಮುಚ್ಚಿಹೋಗುತ್ತಿತ್ತು. ಆದರೆ ಹಾಗೆ ಓಗೊಡುತ್ತಿದ್ದದ್ದು ಯಾವುದು?

ಅಕ್ಕ ತಟ್ಟನೆ ತಲೆಯೆತ್ತಿ ಮೂಗರಳಿಸಿದರು. ಯಾರೂ ಕಾಲಿಡದ ಸಾಮಾನಿನ ಕೋಣೆಯಿಂದ ಊದಿನಕಡ್ಡಿಯ ವಾಸನೆ! ಓಡಿದೆವು. ಎಂದೋ ಮೂಲೆ ಸೇರಿದ್ದ ಹಳೆಯ ಸರ್ವರ್ ಅಲ್ಲಿ ಹಾರ ಹಾಕಿಕೊಂಡು, ದೀಪ ಮಿನುಗಿಸುತ್ತ ಗುಂಯ್ ಎನ್ನುತ್ತಿತ್ತು. ಮುಂದೆ ಸೇಠರ ತಾಯಿ, ಎಲ್ಲರೂ ಗುಜರಾತಿಯಲ್ಲಿ 'ಬಾ', ಅಂದರೆ ಅಮ್ಮ, ಎನ್ನುತ್ತಿದ್ದವರು, ಕೈಮುಗಿದು ನಿಂತಿದ್ದರು. ಅಷ್ಟು ವರ್ಷ ದುಡಿದದ್ದು ಪೂಜೆಯ ದಿನ ಕತ್ತಲಲ್ಲಿ ಇರಬಾರದೆಂದು ಅವರೇ ಆನ್ ಮಾಡಿಸಿದ್ದರು. ಗೋಡೆಗೆ ಹೋಗುವ ನೆಟ್‌ವರ್ಕ್ ತಂತಿಯನ್ನು ಯಾರೂ ಕಿತ್ತೇ ಇರಲಿಲ್ಲ. ನಮ್ಮ ಪ್ರೋಗ್ರಾಂಗೆ ತಿಳಿಯದ ಹಳೆಯ ಭಾಷೆಯಲ್ಲಿ ಓಗೊಡುತ್ತಿದ್ದದ್ದು ಇದೇ.

ನಾನು ಸ್ವಿಚ್ಚಿಗೆ ಕೈ ಹಾಕಿದೆ. "ಬಂಧ್ ನಾ ಕರತೀ, ಬೇಟಾ!" ನಿಲ್ಲಿಸಬೇಡ ಎಂದು ಬಾ ಚೀರಿದರು. ಮುಹೂರ್ತದಲ್ಲಿ ಯಂತ್ರ ನಿಲ್ಲಿಸುವುದು ಅವರಿಗೆ ದೇವರ ದೀಪ ಆರಿಸಿದಂತೆ.

ಅಕ್ಕ ನನ್ನ ಕೈ ಹಿಡಿದರು. "ನಾ ಬಾ, ಚಾಲೂ ಜ ರಹೇಶೆ," ನಡೆಯುತ್ತಲೇ ಇರುತ್ತದೆ ಎಂದು ಸಮಾಧಾನ ಹೇಳಿ, ಹಿಂದಿನಿಂದ ಕೈಯಿಳಿಸಿ ನೆಟ್‌ವರ್ಕ್ ತಂತಿಯನ್ನಷ್ಟೇ ಎಳೆದರು. ಯಂತ್ರ ಗುಂಯ್ ಎನ್ನುತ್ತಲೇ ಇತ್ತು, ಬಾ ಮತ್ತೆ ಕೈಮುಗಿದರು. ನಾನು ಓಡಿಹೋಗಿ ಪ್ರೋಗ್ರಾಂ ತೆರೆದೆ. ಅಳತೆ ಬಂತು. ಮಾಸ್ತರ ಬಣ್ಣದ ಬಕೆಟ್ಟುಗಳತ್ತ ದೌಡಾಯಿಸಿದ. ಬಟ್ಟೆ ಚೆನ್ನಾಗಿಯೇ ಬಂದ ಮೇಲೆ ಸೇಠರು ಮೊದಲ ಪೇಢೆಯನ್ನು ಅಕ್ಕನ ಕೈಗಿಟ್ಟರು.

ಊಟವಾದ ಮೇಲೆ ಅಕ್ಕ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಪ್ರೋಗ್ರಾಂ ತಿದ್ದಿದರು. "ಒಬ್ರ ಉತ್ತರ ತಿಳೀಲಿಲ್ಲಂದ್ರ, ಬರಲಿಲ್ಲಂದ್ರ, ಅವ್ರನ್ನ ಬಿಟ್ಟು ಮುಂದ ಹೋಗಬೇಕವಾ. ಬೀಳಬಾರ್ದು."

ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಪ್ರತಿ ಲಾಭ್ ಪಾಂಚಮ್‌ಗೂ ಅವರಿಗೆ ಫೋನ್ ಮಾಡುತ್ತಿದ್ದೆ... ಮೊನ್ನೆ, ಪೇಢೆ ಕೈಯಲ್ಲಿ ಹಿಡಿದೇ, ಅದೇ ನಂಬರಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಉತ್ತರ ಬರದಿದ್ದರೆ ಬಿಟ್ಟು ಮುಂದೆ ಹೋಗಬೇಕೆಂದು ಗೊತ್ತಿದ್ದೂ ಇನ್ನೊಮ್ಮೆ ಮಾಡಿದೆ.