ಸಿಯೆಸ್ತಾ ಹೊತ್ತಿನಲ್ಲಿ ಹೋದ ಹೆಸರುಗಳು

"ನಾನು ಯಾರ ಮಾತನ್ನೂ ಕದ್ದು ಕೇಳಲ್ಲ, ನ್ಯಾ ಪ್ಲಾಸಿಡಾ. ಹಾಗೆ ತಿಳ್ಕೋಬೇಡಿ. ಯಾವ ಕಂಪ್ಯೂಟರು ಯಾವುದರ ಜೊತೆ ಮಾತಾಡ್ತು, ಎಷ್ಟೊತ್ತಿಗೆ ಶುರು ಮಾಡ್ತು, ಎಷ್ಟೊತ್ತಿಗೆ ಮುಗಿಸ್ತು, ಎಷ್ಟು ಕೊಡ್ತು, ಎಷ್ಟು ತಗೊಳ್ತು, ಅಷ್ಟೇ ನನಗೆ ಕಾಣೋದು. ಫ್ಲೋ ಅಂತೀವಿ ಅದಕ್ಕೆ. ನೀವು ಸಂಜೆ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತೀರಲ್ಲ, ಎದುರು ಮನೆಗೆ ಯಾರು ಬಂದ್ರು, ಎಷ್ಟೊತ್ತು ಇದ್ರು, ಬರಿಗೈಲಿ ಬಂದೋರು ಗಂಟು ಹೊತ್ಕೊಂಡು ಹೋದ್ರಾ ಅಂತ ನೋಡ್ತೀರಲ್ಲ. ಒಳಗೆ ಏನು ಮಾತಾಡಿದ್ರು ಅಂತ ನಿಮ್ಮ ಕಿವಿಗೆ ಬಿದ್ದಿರಲ್ಲ. ಆದ್ರೂ ಸಮಾಚಾರವೆಲ್ಲ ನಿಮಗೇ ಮೊದಲು ಗೊತ್ತು. ನನ್ನದೂ ಅದೇ ಕೆಲಸ, ನಂಗೆ ಸಂಬಳ ಕೊಡ್ತಾರೆ ಅಷ್ಟೇ. ಲ್ಯಾಬಿನ ಕಂಪ್ಯೂಟರು ಏಳು ಗಂಟೆಗೇ ಬಾಯಿ ಬಿಡತ್ತೆ. ಔಷಧಿ ಕೋಣೇದು ಸೋಮಾರಿ, ಎಂಟೂವರೆಗೆ ಮುಂಚೆ ಉಸಿರೇ ಇಲ್ಲ. ಹತ್ತು ವರ್ಷ ನೋಡಿದ್ರೆ ಅವುಗಳ ಸ್ವಭಾವ ತಿಳಿದುಬಿಡತ್ತೆ. ಕೊಟ್ಟು ಅಭ್ಯಾಸ ಇಲ್ದಿರೋ ಕಂಪ್ಯೂಟರು ಒಂದಿನ ಹೊರಗಿನೋರಿಗೆ ಕೊಡೋಕೆ ಶುರು ಮಾಡಿದ್ರೆ, ಅಲ್ಲೇನೋ ಕೆಟ್ಟದ್ದು ನಡೀತಿದೆ ಅಂತ ಅರ್ಥ."

ನಮ್ಮೂರಿನ ಆಸ್ಪತ್ರೆಯಲ್ಲಿ ನಾನು ನೆಲ ಒರೆಸುತ್ತಿದ್ದಾಗ ಡೆರ್ಲಿಸ್ ಒವೆಲಾರ್ ನನಗೆ ಹೀಗೆ ತಿಳಿಸಿ ಹೇಳಿದ್ದ. ಹಿರಿಯ ಹೆಂಗಸರನ್ನು ನಮ್ಮಲ್ಲಿ ನ್ಯಾ ಎಂದು ಕರೆಯುತ್ತಾರೆ. ರಾಜಧಾನಿ ಅಸುನ್ಸಿಯೋನ್‌ನಿಂದ ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರು. ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಕಾಯುವುದಕ್ಕೆ ಅವನೊಬ್ಬನೇ. ನಲವತ್ತನಾಲ್ಕು ವಯಸ್ಸು, ಮದುವೆಯಿಲ್ಲ, ನಮ್ಮ ಪಕ್ಕದ ಮನೆ. ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದ.

ಬೆಳಗ್ಗೆ ಗೇಟಿನಲ್ಲಿ ಎದುವಿಹೆಸ್ ಬುಟ್ಟಿ ಇಟ್ಟುಕೊಂಡು ಬಿಸಿ ಚಿಪಾ, ಮರಗೆಣಸಿನ ಹಿಟ್ಟಿನ ರೊಟ್ಟಿ, ಮಾರುತ್ತಿದ್ದಳು. ಅವನು ದಿನಾ ಎರಡು ಕೊಳ್ಳುತ್ತಿದ್ದ.

"ಇವತ್ತೂ ಎರಡೇನಾ? ಹೊಟ್ಟೇಲಿ ಜಾಗ ಇಲ್ವೋ, ಜೇಬಲ್ಲಿ ಇಲ್ವೋ?"

"ಹಲ್ಲಲ್ಲಿ ಇಲ್ಲ ಕಣೆ. ನಿನ್ನ ಚಿಪಾ ಕಚ್ಚೋಕೆ ಸುತ್ತಿಗೆ ಬೇಕು."

"ಹಾಗಾದ್ರೆ ಹೆಂಡ್ತೀನ ಕಟ್ಕೋ, ಅಗಿದು ಕೊಡ್ತಾಳೆ."

ಆಸ್ಪತ್ರೆಯ ಹಿಂಬದಿಗೆ ಒಂದು ಕೋಣೆ ಇತ್ತು. ರಕ್ತದಲ್ಲಿ ಏಡ್ಸ್ ತರುವ ಆ ವೈರಸ್ ಇರುವವರು ಮಾತ್ರೆ ತೆಗೆದುಕೊಂಡು ಹೋಗುವುದಕ್ಕೆ ಹಿಂಬಾಗಿಲಿನಿಂದ ಬರುತ್ತಿದ್ದರು. ನಾನೂರ ಹನ್ನೆರಡು ಜನ. ನಿಮ್ಮ ಹೆಸರು ಈ ಗೋಡೆ ದಾಟುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದರು. ಆ ಹೆಸರುಗಳಿದ್ದದ್ದು ಆ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ.

ಹನ್ನೆರಡರಿಂದ ಮೂರರವರೆಗೆ ನಮ್ಮಲ್ಲಿ ನಾಯಿಯೂ ಬೊಗಳುವುದಿಲ್ಲ. ಮಧ್ಯಾಹ್ನದ ನಿದ್ದೆ, ಸಿಯೆಸ್ತಾ ಎಂದರೆ ಹಾಗೆ. ಕಂಪ್ಯೂಟರುಗಳೂ ಆಗ ಸುಮ್ಮನಿರುತ್ತವೆಂದು ದಿನದ ದಾಖಲೆಗಳನ್ನೆಲ್ಲ ನಕಲು ಮಾಡಿ ಹೊರಗಿನ ಭಂಡಾರಕ್ಕೆ ಕಳಿಸುವ ಕೆಲಸವನ್ನು ಡೆರ್ಲಿಸ್ ಆ ಹೊತ್ತಿಗೇ ಇಟ್ಟಿದ್ದ. ನಕಲು ಹೊರಟಾಗಲೆಲ್ಲ, ಹೊರಗೆ ಹೆಚ್ಚು ಹರಿದರೆ ಕೂಗುವ ಎಚ್ಚರಿಕೆಯ ಗಂಟೆ ಕಿರುಚುತ್ತಿತ್ತು. ಕೊನೆಗೆ ಬೇಸತ್ತು, ಸಿಯೆಸ್ತಾ ಮುಗಿಯುವವರೆಗೆ ಎಷ್ಟು ಹರಿದರೂ ಕೂಗಬೇಡ ಎಂದು ಅದಕ್ಕೆ ಹೇಳಿಬಿಟ್ಟ. ಎಲ್ಲರೂ ಮಲಗುವ ಹೊತ್ತಿನಲ್ಲಿ ಕಾವಲೂ ಮಲಗಲಿ ಎನ್ನಿಸಿತ್ತು ಅವನಿಗೆ.

ಒಂದು ಗುರುವಾರ ನಕಲು ಮಾಡುವ ಯಂತ್ರ ರಿಪೇರಿಗೆ ಹೋಗಿತ್ತು. ಆ ಹೊತ್ತಿನಲ್ಲಿ ಏನೂ ಹೊರಗೆ ಹೋಗಬಾರದು. ಡೆರ್ಲಿಸ್ ಊಟ ಬಿಚ್ಚಿಕೊಂಡು ಕೂತವನು ಪರದೆ ನೋಡಿದ. ಹೊರಗೆ ಹೋಗುವುದರ ಲೆಕ್ಕ ತೋರಿಸುವ ಗೆರೆ ಏರುತ್ತಿತ್ತು. ಲ್ಯಾಬು, ಎಕ್ಸ್‌ರೇ, ಹೆರಿಗೆ ವಾರ್ಡು, ಒಂದಾದ ಮೇಲೊಂದು ಸೋಮವಾರದಿಂದ ಯಾರೋ ಗೊತ್ತಿಲ್ಲದವರಿಗೆ ಕೊಡುತ್ತ ಬಂದಿದ್ದವು. ಮೂರು ದಿನ ನಕಲಿನ ಮರೆಯಲ್ಲಿ ಹೋದದ್ದು ನಾಲ್ಕನೆಯ ದಿನ ಕಣ್ಣಿಗೆ ಬಿತ್ತು. ಹನ್ನೆರಡೂ ಹದಿನೇಳಕ್ಕೆ ಹಿಂಬಾಗಿಲ ಕೋಣೆಯ ಕಂಪ್ಯೂಟರು ಕೊಡಲು ಶುರು ಮಾಡಿತ್ತು. ನಿಧಾನವಾದ ಲೈನು. ಮೂರು ಗಂಟೆಯ ಹೊತ್ತಿಗೆ ಎಲ್ಲ ಖಾಲಿ ಎಂದು ಲೆಕ್ಕ ಹಾಕಿದ.

ಒಂದು ತಂತಿ ಕಿತ್ತರೆ ಮುಗಿಯುತ್ತಿತ್ತು. ಆದರೆ ಹಿಂದಿನ ವರ್ಷ ಹೀಗೇ ಅನುಮಾನ ಬಂದು ಅವನು ಲೈನು ಕಡಿದಿದ್ದ, ಅದು ಸುಳ್ಳು ಅನುಮಾನವಾಗಿತ್ತು, ಎಕ್ಸ್‌ರೇ ಅರ್ಧ ದಿನ ನಿಂತಿತ್ತು. ನಿರ್ದೇಶಕರ ಸಹಿಯಿಲ್ಲದೆ ಯಾವ ತಂತಿಯನ್ನೂ ಮುಟ್ಟಕೂಡದೆಂದು ಆಗ ಬಂದ ಪತ್ರ ಅವನ ಮೇಜಿನ ಗಾಜಿನ ಕೆಳಗೇ ಇತ್ತು. ನಿರ್ದೇಶಕ ಡಾಕ್ಟರ್ ನಿಮಿಯೊ ಫೋನು ಆರಿಸಿ ಮಲಗಿದ್ದರು. ಡೆರ್ಲಿಸ್ ಸೈಕಲ್ ಹತ್ತಿ ಅವರ ಮನೆಗೆ ಹೋದ.

ಕಿಟಕಿಗೆ ಬಂದದ್ದು ಅವರ ಹೆಂಡತಿ.

"ಏನಪ್ಪಾ ಡೆರ್ಲಿಸ್, ಈ ಬಿಸಿಲಲ್ಲಿ? ಡಾಕ್ಟರು ಈಗ ತಾನೆ ಮಲಗಿದ್ರು."

"ಒಂದು ಸಹಿ ಬೇಕಿತ್ತು, ನ್ಯಾ ಸುನಿಲ್ದಾ. ತುಂಬಾ ಜರೂರು."

"ಯಾರಾದ್ರೂ ಸಾಯ್ತಿದ್ದಾರಾ?"

ಅವನು ಸುಳ್ಳು ಹೇಳುವವನಲ್ಲ. "ಇಲ್ಲ" ಅಂದ.

"ಹಾಗಾದ್ರೆ ಮೂರಕ್ಕೆ ಏಳ್ತಾರೆ. ನೆರಳಲ್ಲಿ ಕೂತ್ಕೋ, ತಣ್ಣೀರು ಕೊಡ್ತೀನಿ."

ಅವನು ಕೂತ. ನೀರು ಕುಡಿದ. ನಮ್ಮಲ್ಲಿ ಸಿಯೆಸ್ತಾ ಮಲಗಿದವರ ಬಾಗಿಲನ್ನು ಸಾವಿನ ಸುದ್ದಿಗಲ್ಲದೆ ಯಾರೂ ತಟ್ಟುವುದಿಲ್ಲ. ನಾನಾಗಿದ್ದರೂ ತಟ್ಟುತ್ತಿರಲಿಲ್ಲ.

ಡಾಕ್ಟರು ಎದ್ದು, ಮುಖ ತೊಳೆದು, ಸಹಿ ಹಾಕಿದಾಗ ಮೂರೂ ಹತ್ತು. ಕಂಪ್ಯೂಟರು ಕೊಟ್ಟು ಮುಗಿಸಿದ್ದು ಎರಡೂ ಐವತ್ತೆರಡಕ್ಕೆ.

ಎರಡು ವಾರದಲ್ಲಿ ಆ ಹೆಸರುಗಳು ಊರಿನ ಫೋನುಗಳಲ್ಲೆಲ್ಲ ಓಡಾಡಿದವು. ಇನ್ನೂರ ಆರನೆಯ ಹೆಸರು ಎದುವಿಹೆಸ್‌ಳದು. ಒಂದು ದಿನ ಅವಳ ಬುಟ್ಟಿಯಿಂದ ನಾಲ್ಕೇ ಚಿಪಾ ಮಾರಾಟವಾದವು, ಎರಡು ಡೆರ್ಲಿಸ್ ಕೊಂಡದ್ದು, ಎರಡು ನಾನು. ಮಾರನೆಯ ವಾರ ಅವಳು ಬರಲೇ ಇಲ್ಲ.

ವಿಚಾರಣೆಗೆ ಕರೆದಾಗ ಡೆರ್ಲಿಸ್ ಫ್ಲೋ ದಾಖಲೆಯನ್ನು ತಾನೇ ಅಚ್ಚು ಹಾಕಿ ಮೇಜಿನ ಮೇಲಿಟ್ಟ. ಗಂಟೆಯನ್ನು ಸುಮ್ಮನಿರಿಸಿದವನು ತಾನೇ ಎಂದೂ ಹೇಳಿದ. ಡಾಕ್ಟರು ಅದನ್ನು ಓದಿ, "ಎಬ್ಬಿಸಬೇಕಿತ್ತಪ್ಪಾ ನನ್ನ" ಅಂದರು. ಆಮೇಲೆ, "ಇಷ್ಟು ನಿಮಿಷ ಇಷ್ಟು ಸೆಕೆಂಡು ಅಂತ ಬರೆದಿಟ್ಟಿದ್ದಕ್ಕೇ ಅಲ್ವಾ ಎಲ್ಲರೂ ನಮ್ಮನ್ನ ಕೇಳ್ತಿರೋದು? ಇನ್ಮೇಲೆ ಇದನ್ನ ಬರೆಯೋದು ಬೇಡ" ಅಂದರು. ಅದಕ್ಕೂ ಸಹಿ ಹಾಕಿಕೊಟ್ಟರು. ಆ ಸಹಿ ಐದು ನಿಮಿಷದಲ್ಲಿ ಸಿಕ್ಕಿತು. ಡೆರ್ಲಿಸ್‌ನನ್ನು ಕೆಲಸದಿಂದ ತೆಗೆಯಲಿಲ್ಲ. ಈಗ ಅವನು ಪ್ರಿಂಟರುಗಳಿಗೆ ಶಾಯಿ ತುಂಬುತ್ತಾನೆ. ಕಂಪ್ಯೂಟರುಗಳು ಯಾರ ಜೊತೆ ಮಾತಾಡುತ್ತವೆ ಎಂದು ನೋಡುವವರು ಯಾರೂ ಇಲ್ಲ.

ತಪ್ಪೊಪ್ಪಿಕೊಳ್ಳಲು ಅವನು ಎದುವಿಹೆಸ್‌ಳ ಮನೆಗೆ ಹೋಗಿದ್ದ. ಬಾಗಿಲನ್ನು ಅರ್ಧ ತೆರೆದು ಅವಳು ಪೂರ್ತಿ ಕೇಳಿಸಿಕೊಂಡಳಂತೆ.

"ನೀನು ಇಲ್ಲಿ ನಿಂತಿರೋದನ್ನ ನೋಡಿದೋರು ನಿನ್ನ ಹೆಸರನ್ನೂ ಆ ಪಟ್ಟಿಗೆ ಸೇರಿಸ್ತಾರೆ. ಹೋಗು."

"ಸೇರಿಸ್ಲಿ ಬಿಡು."

"ಅದ್ರಿಂದ ನಂಗೇನು ಬಂತು, ಡೆರ್ಲಿಸ್?"

ಆ ಶನಿವಾರವೇ ಅವಳು ಅರ್ಜೆಂಟೀನಾದ ಬಸ್ಸು ಹತ್ತಿದಳು. ಅಲ್ಲಿ ಮಾತ್ರೆಗಾಗಿ ಮತ್ತೆ ಯಾವುದೋ ಆಸ್ಪತ್ರೆಯಲ್ಲಿ ಹೆಸರು ಬರೆಸಬೇಕು. ಬರೆಸಿದಳೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಇದನ್ನು ಡೆರ್ಲಿಸ್ ಹೇಳಿದ್ದು ನಮ್ಮ ಅಡುಗೆಮನೆಯ ಮೆಟ್ಟಿಲಲ್ಲಿ ಕೂತು. ಅಂಗಳದಿಂದ ಕಿತ್ತು ತಂದ ಮರಗೆಣಸು ಬುಟ್ಟಿಯಲ್ಲಿತ್ತು. ಅವನ ಕೈಗೊಂದು ಚಾಕು ಕೊಟ್ಟೆ. ಸಿಪ್ಪೆ ಸುಲಿದು, ಎರಡಾಗಿ ಸೀಳಿ, ನಡುವಿನ ನಾರು ಎಳೆದು, ಒಂದೊಂದಾಗಿ ನೀರಿಗೆ ಹಾಕುತ್ತ ಹೋದ.